ನಾಲ್ಕು ಜಿಬಿಯಲ್ಲಿ ನಿಂತ ಯಕ್ಷಗಾನ

ಕಳೆದ ಭಾನುವಾರ ಡೊಂಬಿವಲಿಯ ಹಿರಿಯರೊಬ್ಬರು ಥಾಣೆಯಲ್ಲಿ ಗಾಡಿ ಬದಲಿಸಿ, ಹಾರ್ಡ್ ಡಿಸ್ಕ್ ಹಿಡಿದು ಐರೋಲಿಯ ನಮ್ಮ ಮನೆಗೆ ಬಂದರು. ಒಂದು ಟಿಬಿ ಡಿಸ್ಕ್, ಬಹುಪಾಲು ಖಾಲಿ. ಆದರೂ ಇಡೀ ರಾತ್ರಿಯ ಯಕ್ಷಗಾನದ 11 ಜಿಬಿ ವಿಡಿಯೊ ಕಾಪಿ ಆಗುತ್ತಿಲ್ಲ. "ಜಾಗ ಉಂಟಲ್ಲ ಮಾರಾಯ, ಮತ್ತೆಂತ ಇದಕ್ಕೆ?"

ಡಿಸ್ಕ್ ಇದ್ದದ್ದು ಫ್ಯಾಟ್32ನಲ್ಲಿ. ಅದರಲ್ಲಿ ಫೈಲಿನ ಗಾತ್ರ ಬರೆದಿಡಲು ಇರುವುದೇ 32 ಬಿಟ್. ಹಾಗಾಗಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ, ಡಿಸ್ಕ್ ಎಷ್ಟೇ ದೊಡ್ಡದಿರಲಿ.

ಅವರ ಮನೆಯಲ್ಲಿ ವಿಂಡೋಸ್, ಮಗಳ ಹತ್ತಿರ ಮ್ಯಾಕ್. ಎನ್‌ಟಿಎಫ್‌ಎಸ್ ಮಾಡಿದರೆ ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ. ಎರಡಕ್ಕೂ ಒಗ್ಗುವುದು 2006ರಲ್ಲಿ ಬಂದ ಎಕ್ಸ್‌ಫ್ಯಾಟ್. ಅದಕ್ಕೆ ಜರ್ನಲ್ ಇಲ್ಲ ಅನ್ನುವುದೊಂದು ಕೊರತೆ: ಬರೆಯುತ್ತಿರುವಾಗ ಕೇಬಲ್ ಕಿತ್ತರೆ ಫೈಲುಗಳ ಲೆಕ್ಕವೇ ತಪ್ಪಬಹುದು. ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿ ನಾವೆಲ್ಲ ಹಾಗೆ ಎಳೆಯುವವರೇ.

ಫಾರ್ಮ್ಯಾಟ್ ಒತ್ತುವ ಮೊದಲು ಕೇಳಿದೆ, "ಇದರಲ್ಲಿರುವುದರ ಇನ್ನೊಂದು ಕಾಪಿ ಉಂಟಾ ಅಂಕಲ್?"

ಇರಲಿಲ್ಲ. ತೀರಿಹೋದ ಹೆಂಡತಿ ಹಾಡಿದ ದೇವರನಾಮಗಳು ಅದೊಂದರಲ್ಲೇ ಇದ್ದವು. ಮೌಸಿನಿಂದ ಕೈ ತೆಗೆದೆ. ಎಲ್ಲವನ್ನೂ ನನ್ನ ಲ್ಯಾಪ್‌ಟಾಪಿಗೆ ಇಳಿಸಿ, ನಾಲ್ಕು ಹಾಡು ತೆರೆದು ಕೇಳಿ, ಆಮೇಲೆಯೇ ಫಾರ್ಮ್ಯಾಟ್. ನಾಲ್ಕನೆಯದನ್ನು ಅವರು ಪೂರ್ತಿ ಕೇಳಿದರು. ಆ ಕಾಪಿಯನ್ನು ನಾನಿನ್ನೂ ಅಳಿಸಿಲ್ಲ.