ನಕಾಶೆಯಲ್ಲಿ ದಾರಿ ಇದೆ, ನೆಲದ ಮೇಲೆ?

ನಮ್ಮ ತಿಪಟೂರು ಸೀಮೆಯಲ್ಲಿ ತೋಟದ ಜಗಳ ಅಂದ್ರೆ ಎರಡೇ. ಒಂದು ನೀರಿಂದು, ಇನ್ನೊಂದು ದಾರೀದು. ನೀರಿನ ಬಗ್ಗೆ ಎಲ್ಲರೂ ಬರೀತಾರೆ. ದಾರಿ ಮಾತ್ರ ಅಕ್ಕಪಕ್ಕದವರ ಮನಸ್ತಾಪ, ಅವರವರೇ ಬಗೆಹರಿಸಿಕೊಳ್ಳಲಿ ಅಂತ ಬಿಟ್ಟುಬಿಡ್ತೀವಿ. ನನ್ನ ತಕರಾರು ಇರೋದೇ ಇಲ್ಲಿ. ಊರಿನ ದಾರಿ ಇಬ್ಬರು ಕೂತು ಬಗೆಹರಿಸಿಕೊಳ್ಳೋ ವಿಷಯ ಅಲ್ಲವೇ ಅಲ್ಲ.

ಮೊದಲು, ದಾರಿಗಳು ಯಾಕೆ ಮಾಯ ಆಗ್ತಿವೆ ಅಂತ ನೋಡಿ. ಬಿಳಿಗೆರೆ ಸುತ್ತಮುತ್ತ ರಾಗಿ ಹೊಲಗಳಿದ್ದ ಎಷ್ಟೋ ಕಡೆ ಈಗ ತೆಂಗು. ರಾಗಿ ಕುಯ್ದ ಮೇಲೆ ಹೊಲ ಬಯಲು. ಗಾಡಿ, ದನ, ಕುರಿ, ಮನುಷ್ಯರು ಹೇಗೆ ಬೇಕಾದ್ರೂ ದಾಟಬಹುದಿತ್ತು. ತೋಟಕ್ಕೆ ಆ ಬಿಡುವಿಲ್ಲ. ವರ್ಷಪೂರ್ತಿ ಬೆಳೆ, ವರ್ಷಪೂರ್ತಿ ಬೇಲಿ. ಕತ್ತಾಳೆ ಬೇಲಿ ಹೋಗಿ ಕಲ್ಲುಕಂಬ, ತಂತಿ ಬಂತು. ಆಮೇಲೆ ಗೇಟು, ಗೇಟಿಗೊಂದು ಬೀಗ. ಮಾಲೀಕರು ಬೆಂಗಳೂರಲ್ಲಿದ್ದರಂತೂ ಬೀಗದ ಕೈ ಯಾರ ಹತ್ರ ಕೇಳೋದು?

ದಾರಿ ಒತ್ತೋದರಿಂದ ಸಿಗೋದಾದರೂ ಎಷ್ಟು? ಲೆಕ್ಕ ಹಾಕೋಣ. ಹನ್ನೊಂದು ಅಡಿ ಅಗಲ, 300 ಅಡಿ ಉದ್ದದ ಓಣಿ ಅಂದ್ರೆ 3,300 ಚದರ ಅಡಿ. ಗುಂಟೆಗೆ 1,089 ಚದರ ಅಡಿ, ಅಂದರೆ ಮೂರು ಗುಂಟೆ. ಮೂವತ್ತು ಅಡಿಗೊಂದರಂತೆ ಹತ್ತು ತೆಂಗಿನ ಗಿಡ. ಈ ಹತ್ತು ಗಿಡದ ಆಸೆಗೆ ಒಳಗಿನ ತೋಟದವರೆಲ್ಲ ಕಾಯಿ ತಲೆ ಮೇಲೆ ಹೊತ್ತು ತರಬೇಕು. ಗೊಬ್ಬರ, ಕೆರೆಗೋಡು ಹೊಡೆಯೋ ಟ್ರ್ಯಾಕ್ಟರ್ ಒಳಗೆ ಹೋಗೋದಿಲ್ಲ. ದಾರಿ ಇಲ್ಲದ ತೋಟ ಮಾರೋಕೆ ಹೋದರೆ ಕೊಳ್ಳೋಕೆ ಅನುಕೂಲ ಇರೋನು ಒಬ್ಬನೇ, ದಾರಿ ಮುಚ್ಚಿದ ಪಕ್ಕದವನು! ಎಂಥ ಲಾಭದ ಬೇಲಿ ನೋಡಿ :)

ಈಗ ಕಾನೂನು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಕಲಂ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿ ಎಲ್ಲ ಸರ್ಕಾರದ್ದು. ಇಂಥ ದಾರಿ ಜನರಿಗೆ ಬೇಕಾಗಿಲ್ಲ ಅನ್ನಿಸಿದರೆ ಅದರ ಮೇಲಿನ ಹಕ್ಕು ರದ್ದು ಮಾಡೋಕೆ 68ನೇ ಕಲಂ ಇದೆ. ಅದಕ್ಕೂ ಮೊದಲು ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕೇಳಬೇಕು. ಬೇಲಿ ಹಾಕಿದ ಮಾತ್ರಕ್ಕೆ ದಾರಿ ಸಾಯೋದಿಲ್ಲ. 1966ರ ನಿಯಮಗಳಲ್ಲಿ ಬಿ ಖರಾಬು ಅಂತ ಒಂದು ವರ್ಗ ಇದೆ. ರಸ್ತೆ, ಗುರುತಿಸಿದ ಕಾಲುದಾರಿ, ಹಳ್ಳ, ಸ್ಮಶಾನದಂಥ ಜಾಗ ಯಾರದೋ ಸರ್ವೆ ನಂಬರಿನ ಒಳಗಿದ್ದರೂ ಅದು ಸಾರ್ವಜನಿಕರದು, ಅದಕ್ಕೆ ಕಂದಾಯ ಇಲ್ಲ.

ನಕಾಶೆಯಲ್ಲಿ ಇಲ್ಲದ ರೂಢಿ ದಾರಿಗಳ ಕಥೆ ಬೇರೆ. ಖಾಸಗಿ ಜಮೀನಿನಲ್ಲಿ ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ, ಎಲ್ಲರಿಗೂ ಕಾಣುವಂತೆ, ಹಕ್ಕು ಅಂತಲೇ ಓಡಾಡಿದ್ದರೆ 1882ರ ಅನುಭೋಗದ ಹಕ್ಕಿನ ಕಾಯ್ದೆ ಸಹಾಯಕ್ಕೆ ಬರುತ್ತೆ. ಆದರೆ ಅದನ್ನ ಸಾಬೀತು ಮಾಡೋಕೆ ಸಿವಿಲ್ ಕೋರ್ಟು ಸುತ್ತಬೇಕು. ನಕಾಶೆ ಕಂಡ ದಾರಿಗೆ ಆ ಸಾಬೀತಿನ ಹೊರೆ ಇಲ್ಲ. ನಕಾಶೆಯೇ ಸಾಕ್ಷಿ.

ಇಷ್ಟೆಲ್ಲ ಇದ್ದೂ ಊರಲ್ಲಿ ನಡೆಯೋದೇನು? ಇಬ್ಬರು ಜಮೀನುದಾರರು ರಾಜಿ ಮಾಡಿಕೊಳ್ತಾರೆ. "ನಿನ್ನ ಟ್ರ್ಯಾಕ್ಟರ್ ಬದುವಿನ ಮೇಲೆ ಬರಲಿ, ಹಳೇ ಓಣಿ ನನಗಿರಲಿ." ಇಬ್ಬರಿಗೂ ಸಂತೋಷ. ಪಂಚಾಯ್ತಿ ಮಾಡಿದವರಿಗೂ ಸಂತೋಷ. ಆದರೆ ಅದೇ ಓಣಿಯಲ್ಲಿ ಕುರಿ ಹೊಡ್ಕೊಂಡು ಹೋಗ್ತಿದ್ದವರು, ಕೂಲಿಗೆ ನಡ್ಕೊಂಡು ಹೋಗ್ತಿದ್ದ ಹೆಂಗಸರು, ಹೆಣ ಹೊತ್ತು ಸ್ಮಶಾನಕ್ಕೆ ಹೋಗ್ತಿದ್ದ ಕೇರಿಯವರು? ಅವರನ್ನ ಯಾರೂ ಕೇಳೋದಿಲ್ಲ. ಅವರ ಹೆಸರಲ್ಲಿ ಪಹಣಿ ಇಲ್ಲ, ಬದು ಇಲ್ಲ, ಬದಲಿಗೆ ಕೊಡೋಕೆ ಗುಂಟೆ ಜಾಗ ಇಲ್ಲ. ಊರಲ್ಲಿ ಅವರಿಗಿರೋ ನೆಲ ಅಂದ್ರೆ ಆ ದಾರಿಯೇ. ಜಮೀನಿದ್ದವರ ರಾಜಿಯಲ್ಲಿ ಜಮೀನಿಲ್ಲದವರ ಹಕ್ಕು ಖರ್ಚಾಗಿ ಹೋಗುತ್ತೆ.

2023ರಲ್ಲಿ ಕಂದಾಯ ಇಲಾಖೆ ತಹಶೀಲ್ದಾರರಿಗೆ ಸುತ್ತೋಲೆ ಕಳಿಸಿ, ಕಾಲುದಾರಿ, ಬಂಡಿದಾರಿಗಳಲ್ಲಿ ರೈತರ ಓಡಾಟಕ್ಕಿರೋ ಅಡ್ಡಿ ನಿವಾರಿಸಿ ಅಂತ ಹೇಳಿತು. ಒಳ್ಳೇದೇ. ಆದರೆ ಅದು ನೋಡೋದು ರೈತ ತನ್ನ ಜಮೀನಿಗೆ ಹೋಗೋ ದಾರಿಯನ್ನ. ಜಮೀನಿಲ್ಲದವರ ದಾರಿ ಉಳೀಬೇಕಾದರೆ ಕೇಳೋ ರೀತಿಯೇ ಬದಲಾಗಬೇಕು. "ನನ್ನ ತೋಟಕ್ಕೆ ದಾರಿ ಕೊಡಿ" ಅನ್ನೋ ಅರ್ಜಿಗಿಂತ "ಊರಿನ ದಾರಿ ತೆರೆಸಿ" ಅನ್ನೋ ಅರ್ಜಿ ಬೇಕು. ಅದಕ್ಕೆ ಹತ್ತು ಜನ ಸಹಿ ಹಾಕಬೇಕು, ಅದರಲ್ಲಿ ಪಹಣಿ ಇಲ್ಲದವರೂ ಇರಬೇಕು.

ಇಂಗ್ಲೆಂಡಿನಲ್ಲಿ 1949ರಲ್ಲಿ ಕಾನೂನು ಮಾಡಿ ಹಳ್ಳಿಗಾಡಿನ ಕಾಲುದಾರಿಗಳ ನಕ್ಷೆ ತಯಾರಿಸೋಕೆ ಹೊರಟರು. ಅಲ್ಲಿನ ನಡಿಗೆ ಸಂಘದವರು ಆ ದಾರಿಗಳಲ್ಲಿ ನಡೆದೂ ನಡೆದೂ ಉಳಿಸಿಕೊಳ್ತಿದ್ದಾರೆ. ನಮ್ಮಲ್ಲಿ ನಕಾಶೆ ಎಂದೋ ಆಗಿದೆ, ನಡೆಯೋರು ಕಡಿಮೆ ಆಗಿದ್ದಾರೆ. ಎಲ್ಲರೂ ಬೈಕಲ್ಲಿ ಸುತ್ತಿ ಹೋಗೋದೇ ಸಲೀಸು ಅಂದುಕೊಂಡರೆ ಓಣಿಯಲ್ಲಿ ಲಂಟಾನ ಬೆಳೆಯುತ್ತೆ. ಆಮೇಲೆ "ಇಲ್ಲಿ ಯಾರ್ರೀ ಓಡಾಡ್ತಾರೆ?" ಅನ್ನೋದು ಸುಲಭ.

ಹಾಗಾಗಿ ನಿಮ್ಮಲ್ಲಿ ಒಂದು ಕೋರಿಕೆ. ಕಂದಾಯ ಇಲಾಖೆ ಗ್ರಾಮ ನಕಾಶೆಗಳನ್ನ ಆನ್‌ಲೈನಿನಲ್ಲಿ ಇಟ್ಟಿದೆ, ನಿಮ್ಮೂರಿಂದು ಇಳಿಸಿಕೊಳ್ಳಿ. ದಿಶಾಂಕ್ ಆಪ್ ತೆಗೆದರೆ ನಿಂತ ಜಾಗದ ಸರ್ವೆ ನಂಬರು ಗೊತ್ತಾಗುತ್ತೆ. ಪಹಣಿಯಲ್ಲಿ ಬಿ ಖರಾಬು ಎಷ್ಟಿದೆ ನೋಡಿ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಇಬ್ಬರು ಹಿರಿಯರನ್ನ ಕರ್ಕೊಂಡು ಆ ಗೆರೆ ಮೇಲೆ ನಡೆದು ನೋಡಿ. ಎಲ್ಲಿ ಬೇಲಿ ಅಡ್ಡ ಬಂತು ಅಂತ ಬರೆದಿಟ್ಟುಕೊಳ್ಳಿ. ದಾರಿ ಕಂಡೋರು ಬದುಕಿರೋವಾಗಲೇ ಈ ಕೆಲಸ ಆಗಬೇಕು.

ನಿಮ್ಮೂರಲ್ಲಿ ಎಷ್ಟು ದಾರಿ ಉಳಿದಿವೆ? ತಿಳಿಸ್ತೀರಲ್ಲ?