ಡೀಸೆಲ್ ಎಂಜಿನ್ ಹೋದ ಮೇಲೆ ಏನು ಕೂರಿಸಬೇಕು?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹೊಲಗಳಲ್ಲಿ ಹಳೆಯ ಡೀಸೆಲ್ ಎಂಜಿನ್ ಕೈಕೊಟ್ಟರೆ, ಹೊಸದರ ಬೆಲೆಗಿಂತ ಮೊದಲು ನೀರೆತ್ತುವ ಖರ್ಚನ್ನು ಲೆಕ್ಕ ಹಾಕಬೇಕು. ಒಂದು ಲಕ್ಷ ಲೀಟರ್ ನೀರನ್ನು 20 ಮೀಟರ್ ಮೇಲೆತ್ತಲು, ಪಂಪು ಅರ್ಧ ಶಕ್ತಿ ಪೋಲು ಮಾಡಿದರೂ, ಸುಮಾರು 11 ಯೂನಿಟ್ ಸಾಕು. ಅದಕ್ಕೇ ನಾಲ್ಕು ಲೀಟರಿನಷ್ಟು ಡೀಸೆಲ್ ಸುಡುತ್ತದೆ. ಕಬ್ಬಿಗಂತೂ ಇದು ವರ್ಷದುದ್ದಕ್ಕೂ ಬೆಳೆಯುವ ಲೆಕ್ಕ. ಹಾಗಾಗಿ ತಂತಿ ಬಂದಲ್ಲಿ ವಿದ್ಯುತ್ ಮೋಟರು, ಬಾರದಲ್ಲಿ ಸೌರ ಪಂಪು ಲೇಸು.

ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೇ ಇದೆ, 10 ಅಶ್ವಶಕ್ತಿವರೆಗಿನ ಪಂಪಿಗೆ ರಾಜ್ಯದಲ್ಲಿ ಕರೆಂಟು ಉಚಿತ, ಮತ್ತೇಕೆ ಸೌರ ಎನ್ನಬಹುದು. ಉಚಿತವೇನೋ ಹೌದು, ಆದರೆ ಹಗಲಿಡೀ ಸಿಗದು. ಮೋಡ ಕವಿದರೆ ಸೌರ ಪಂಪು ಸೊರಗುತ್ತದೆ ಎಂಬ ಆಕ್ಷೇಪದಲ್ಲಿ ಹೆಚ್ಚು ತೂಕವಿಲ್ಲ; ಮಳೆಗಾಲದಲ್ಲಿ ನೀರಿನ ಬೇಡಿಕೆಯೂ ಇಳಿಯುತ್ತದೆ. ಪುಕ್ಕಟೆ ಬಿಸಿಲು ಕೊಳವೆಬಾವಿಯನ್ನೇ ಬರಿದು ಮಾಡೀತೆಂಬ ಆತಂಕ ಮಾತ್ರ ಗಟ್ಟಿಯಾದದ್ದು. ಹಾಗಾಗಿ ಸೌರ ಪಂಪಿಗೆ ಸಬ್ಸಿಡಿ ಕೊಡುವಾಗಲೇ ಹನಿ ನೀರಾವರಿಯ ಷರತ್ತು ಹಾಕಬೇಕು.