ಕಿಟಕಿಯಿಲ್ಲದ ಐಷಾರಾಮ

ಕಚೇರಿಯಲ್ಲಿ ಮನುಷ್ಯ ಹಗಲು ಎಂಟು ಗಂಟೆ ದುಡಿದು ಹೊರಬರುತ್ತಾನೆ. ಮನೆ ಹಾಗಲ್ಲ. ಅಲ್ಲಿ ಮಲಗಬೇಕು, ಕಾಯಿಲೆ ಬಿದ್ದಾಗ ಒರಗಬೇಕು, ಮಕ್ಕಳನ್ನು ಬೆಳೆಸಬೇಕು. ಆದ್ದರಿಂದ ಕಚೇರಿಯನ್ನು ಮನೆಯಾಗಿ ಮಾರ್ಪಡಿಸುವಾಗ ಅಡುಗೆಮನೆ, ಬಚ್ಚಲುಮನೆ ಜೋಡಿಸಿದರಷ್ಟೇ ಸಾಲದು; ಗಾಳಿ ಬೆಳಕಿನ ಲೆಕ್ಕವೂ ಸರಿಹೋಗಬೇಕು.

ನ್ಯೂಯಾರ್ಕಿನ ವಾಲ್ ಸ್ಟ್ರೀಟ್ ಸುತ್ತಲಿನ ಪ್ರದೇಶವನ್ನೇ ನೋಡಿ. ಬ್ಯಾಂಕು, ಷೇರುಪೇಟೆಗಳ ಈ ಪ್ರದೇಶ ಒಂದು ಕಾಲಕ್ಕೆ ಸಂಜೆಯಾದೊಡನೆ ಬಿಕೋ ಎನ್ನುತ್ತಿತ್ತು. ಖಾಲಿ ಬಿದ್ದ ಕಚೇರಿಗಳನ್ನು ವಸತಿಯಾಗಿಸುವವರಿಗೆ 1995ರಲ್ಲಿ ತೆರಿಗೆ ರಿಯಾಯಿತಿ ಬಂದ ಮೇಲೆ ಚಿತ್ರ ಬದಲಾಯಿತು. 1931ರಲ್ಲಿ ಬ್ಯಾಂಕಿಗಾಗಿ ಕಟ್ಟಿದ ‘ಒನ್ ವಾಲ್ ಸ್ಟ್ರೀಟ್’ ಗಗನಚುಂಬಿಯಲ್ಲಿ ಈಗ 566 ಮನೆಗಳಿವೆ. ಈಜುಕೊಳ, ವ್ಯಾಯಾಮಶಾಲೆ ಎಲ್ಲವೂ ಉಂಟು. ನಡೆದೇ ಕೆಲಸಕ್ಕೆ ಹೋಗಬಹುದೆಂಬುದು ಆರೋಗ್ಯದ ದೃಷ್ಟಿಯಿಂದಲೂ ಲಾಭವೇ.

ತೊಡಕಿರುವುದು ಕಟ್ಟಡದ ಆಳದಲ್ಲಿ. ಟ್ಯೂಬ್‌ಲೈಟು, ಹವಾನಿಯಂತ್ರಣ ಬಂದ ಬಳಿಕ ಕಟ್ಟಿದ ಕಚೇರಿಗಳ ಅಂತಸ್ತುಗಳು ಬಲು ಅಗಲ. ನಡುಭಾಗಕ್ಕೆ ಹಗಲಿನ ಬೆಳಕು ತಲುಪುವುದಿಲ್ಲ. ಕಿಟಕಿಯಿಲ್ಲದ ಕೋಣೆಯನ್ನು ಮಲಗುವ ಕೋಣೆ ಎನ್ನಲು ಕಾನೂನು ಬಿಡದು. ಹಾಗಾಗಿ ನಕ್ಷೆಯಲ್ಲಿ ಅದು ‘ಹೋಮ್ ಆಫೀಸ್’ ಆಗುತ್ತದೆ. ಬಾಡಿಗೆಗೆ ಬಂದವರು ಅಲ್ಲಿಯೇ ಮಂಚ ಹಾಕುತ್ತಾರೆ.

ಈ ಕಾನೂನು ಸುಮ್ಮನೆ ಬಂದುದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ನಗರದ ಬಡವರು ವಠಾರಗಳ ಕತ್ತಲ ಕೋಣೆಗಳಲ್ಲಿ ಕ್ಷಯರೋಗಕ್ಕೆ ತುತ್ತಾಗುತ್ತಿದ್ದರು. ಕ್ಷಯಕ್ಕೆ ಔಷಧಿಯೇ ಇಲ್ಲದ ಆ ಕಾಲದಲ್ಲಿ, ಹೊಸದಾಗಿ ಕಟ್ಟುವ ವಠಾರಗಳ ಪ್ರತಿ ಕೋಣೆಗೂ ಬೀದಿಗೋ ಅಂಗಳಕ್ಕೋ ತೆರೆಯುವ ಕಿಟಕಿ ಇರಲೇಬೇಕೆಂದು 1901ರ ಕಾಯಿದೆ ವಿಧಿಸಿತು. ಅಂದು ಬಡವರಿಗೆ ಹೋರಾಡಿ ದೊರಕಿಸಿಕೊಟ್ಟ ಕಿಟಕಿಯನ್ನು ಇಂದು ಉಳ್ಳವರು ದುಬಾರಿ ಬಾಡಿಗೆ ತೆತ್ತು ಬಿಟ್ಟುಕೊಡುತ್ತಿದ್ದಾರೆ!

ವಸತಿಯ ಅಭಾವವಿರುವಾಗ ಈ ನಿಯಮ ಸಡಿಲಿಸಿದರೆ ತಪ್ಪೇನು, ದೀಪ ಮತ್ತು ಎ.ಸಿ. ಇವೆಯಲ್ಲ ಎಂದು ವಾದಿಸುವವರಿದ್ದಾರೆ. ಮನೆಗಳು ಬೇಕೆಂಬುದು ನಿಜ. ಆದರೆ ನಮ್ಮ ದೇಹದೊಳಗಿನ ಗಡಿಯಾರ ಬೆಳಗಿನ ಬೆಳಕನ್ನು ಕಂಡೇ ಸಮಯ ಸರಿಪಡಿಸಿಕೊಳ್ಳುತ್ತದೆ. ಮೋಡ ಕವಿದ ದಿನವೂ ಹೊರಗೆ ಸಾವಿರಾರು ಲಕ್ಸ್ ಬೆಳಕಿರುತ್ತದೆ. ಮನೆಯೊಳಗಿನ ದೀಪಗಳು ಸಾಮಾನ್ಯವಾಗಿ ಕೊಡುವುದು ಕೆಲವು ನೂರು ಮಾತ್ರ. ಹಗಲು ರಾತ್ರಿಗಳ ಗುರುತು ತಪ್ಪಿದರೆ ನಿದ್ರೆ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ. ಗಾಳಿಯಾಡದ ಕೋಣೆಯಲ್ಲಿ ಸೋಂಕು ಹೇಗೆ ಹರಡುತ್ತದೆಂಬುದನ್ನು 2020ರ ಕೋವಿಡ್ ಕಲಿಸಿದೆ.

ಬೇರೆ ದಾರಿಯೂ ಇದೆ. ಅಲ್ಲಿಯೇ ‘25 ವಾಟರ್ ಸ್ಟ್ರೀಟ್’ನಲ್ಲಿ 1960ರ ದಶಕದ ಕಚೇರಿಯೊಂದನ್ನು 1,300ಕ್ಕೂ ಹೆಚ್ಚು ಮನೆಗಳಾಗಿ ಮಾರ್ಪಡಿಸುವಾಗ ಕಟ್ಟಡದ ಒಡಲನ್ನೇ ಕೊರೆದು ಎರಡು ಅಂಗಳ ತೆರೆದರು, ಕಳೆದುಕೊಂಡ ಜಾಗವನ್ನು ಮೇಲೆ ಅಂತಸ್ತು ಏರಿಸಿ ತುಂಬಿಕೊಂಡರು. ನಮ್ಮ ತೊಟ್ಟಿಮನೆಯ ಉಪಾಯವೇ ಅಲ್ಲವೇ ಇದು? ಖರ್ಚಾದರೂ ಮಾಡಲು ಸಾಧ್ಯವೆಂದ ಮೇಲೆ ನಿಯಮ ಸಡಿಲಿಸುವ ಅಗತ್ಯವೇನು?

ಇಂಥ ಮನೆಗಳಲ್ಲಿ ನಮ್ಮವರ ಮಕ್ಕಳೂ ಇದ್ದಾರೆ. ಅವರನ್ನು ಕಾಣಲು ಹೋಗುವ ತಂದೆತಾಯಿಯರು ತಿಂಗಳುಗಟ್ಟಲೆ ಒಳಗೇ ಕಳೆಯುತ್ತಾರೆ. ಅವರ ಹಾಸಿಗೆಯನ್ನು ಕಿಟಕಿಯಿರುವ ಕೋಣೆಯಲ್ಲೇ ಹಾಕಿ. ಗಾಜಿನ ಹಿಂದೆ ಕುಳಿತು ಬಿಸಿಲು ಕಾಯಿಸಿದರೆ ‘ಡಿ’ ಜೀವಸತ್ವ ಸಿಗದು. ಅದನ್ನು ಉಂಟುಮಾಡುವ ಕಿರಣಗಳನ್ನು ಗಾಜು ತಡೆಯುತ್ತದೆ. ಆದ್ದರಿಂದ ದಿನಕ್ಕೊಮ್ಮೆ ಅವರನ್ನು ಹೊರಗೆ ನಡೆದಾಡಿಸಿ. ಮನೆ ಹುಡುಕುವವರು ಈಜುಕೊಳ ನೋಡುವ ಮೊದಲು ಮಲಗುವ ಕೋಣೆಯ ದೀಪ ಆರಿಸಿ ನಿಲ್ಲಲಿ. ನಡುಹಗಲಲ್ಲೂ ಅಲ್ಲಿ ಕತ್ತಲೆ ಕವಿದರೆ, ಬಾಡಿಗೆ ಎಷ್ಟೇ ಇರಲಿ, ಅದು ವಾಸಕ್ಕೆ ತಕ್ಕ ಕೋಣೆಯಲ್ಲ.